ನದಿ ದಾಟಿದ ದೇವರುಗಳ ಹಿಂದೆ: ಶ್ರಾವಣದಲ್ಲಿ ಗೋವಾ

ಗೋವಾದ ಯಾವುದೇ ಹಳೆಯ ದೇವಸ್ಥಾನಕ್ಕೆ ಹೋಗಿ, ಇದು ಹೇಗೆ ಶುರುವಾಯಿತು ಎಂದು ಕೇಳಿ. ಹೆಚ್ಚಿನ ಕಡೆ ಎರಡು ಕಥೆ ಸಿಗುತ್ತವೆ. ಒಂದು ಪುರಾಣದ್ದು. ಶಿವ ಹುಲಿಯಾದ, ಋಷಿಗಳು ತಪಸ್ಸಿಗೆ ಕೂತರು, ಹಸು ಬಂದು ಹಾಲು ಸುರಿಸಿತು. ಇನ್ನೊಂದು ನದಿ ದಾಟಿದ ಕಥೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಗುಡಿಗಳನ್ನು ಕೆಡವುತ್ತಿದ್ದಾಗ ಊರಿನವರು ದೇವರನ್ನು ಎತ್ತಿಕೊಂಡು ಆಚೆ ದಡ ಸೇರಿದ ಕಥೆ. ಸ್ಥಳಪುರಾಣ ಅಂದರೆ ನಾವು ಮೊದಲನೆಯದನ್ನಷ್ಟೇ ಲೆಕ್ಕಕ್ಕೆ ತಗೊಳ್ಳುತ್ತೇವೆ. ನನಗಂತೂ ಎರಡನೆಯದೂ ಅಷ್ಟೇ ದೊಡ್ಡ ಸ್ಥಳಪುರಾಣ. ಅದಕ್ಕೇ ಈ ಸಲ ಬೀಚಿನ ಕಡೆ ತಲೆ ಹಾಕಲಿಲ್ಲ. ದೇವರು ಮೊದಲು ಇದ್ದ ಜಾಗ ನೋಡಬೇಕು, ನದಿ ದಾಟಬೇಕು, ಆಮೇಲೆ ಈಗಿರುವ ಜಾಗಕ್ಕೆ ಹೋಗಿ ಕೈ ಮುಗಿಯಬೇಕು. ಇಷ್ಟೇ ಯೋಜನೆ.

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು, ವಾಸ್ಕೋದಲ್ಲಿ ಚಿಕ್ಕಮ್ಮನ ಮನೆ. ಆ ಓಣಿಯಲ್ಲಿ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯವರೇ ಜಾಸ್ತಿ. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿಗೇ ಎಚ್ಚರವಾಯಿತು. ಚಿಕ್ಕಮ್ಮನ ಮಗ ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯಲ್ಲಿ ಧಾರವಾಡದ ಕನ್ನಡ, ಬೀದಿಯಲ್ಲಿ ಕೊಂಕಣಿ. ಅವನಿಗೂ ರಜೆ ಇತ್ತು, ಸ್ಕೂಟರ್ ಇತ್ತು. ಮಳೆ ಅಂಗಿ ಮಾತ್ರ ಒಂದೇ ಇತ್ತು.

ಮೊದಲ ದಿನ: ದೀವಾಡಿಯಿಂದ ನಾರ್ವೆ

ಜುವಾರಿ ನದಿಯ ಹೊಸ ಕೇಬಲ್ ಸೇತುವೆ ಮೇಲೆ ಬರುವಾಗಲೇ ಮಳೆ ಹಿಡಿಯಿತು. ಗಾಳಿ ಎಷ್ಟು ಜೋರಾಗಿತ್ತು ಅಂದರೆ ತಮ್ಮ ಸ್ಕೂಟರನ್ನು ನಡಿಗೆಯ ವೇಗಕ್ಕೆ ಇಳಿಸಿದ. ಹಳೆ ಗೋವಾ ಮುಟ್ಟುವಷ್ಟರಲ್ಲಿ ಬಿಸಿಲು. ಶ್ರಾವಣದಲ್ಲಿ ಇಲ್ಲಿ ಹೀಗೇ, ಅರ್ಧ ಗಂಟೆಗೊಂದು ಹವೆ. ವೈಸರಾಯ್ ಕಮಾನಿನ ಕೆಳಗೆ ಹಾದು ಹೋದರೆ ಫೆರಿ ಕಟ್ಟೆ. ನಡೆದು ಹೋಗುವವರಿಗೆ ಟಿಕೆಟ್ ಇಲ್ಲ. ಮಾಂಡೋವಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಬೇಗ ಹೋದಷ್ಟೂ ಒಳ್ಳೆಯದು, ಹತ್ತು ಗಂಟೆಯ ಮೇಲೆ ಪ್ರವಾಸಿಗಳ ಕಾರು ಸಾಲು ನಿಲ್ಲುತ್ತದೆ.

ದೀವಾಡಿ ಒಂದು ನಡುಗಡ್ಡೆ. ಇಳಿದ ಕೂಡಲೇ ಎರಡೂ ಕಡೆ ಗದ್ದೆ, ನಡುವೆ ಸಣ್ಣ ರಸ್ತೆ, ನೀರಲ್ಲಿ ಕೊಕ್ಕರೆ. ಪಿಯೆದಾದೆ ಊರಿನ ಗುಡ್ಡದ ಮೇಲೆ ಬಿಳಿ ಚರ್ಚು. ಅದರ ಪಕ್ಕದ ಸ್ಮಶಾನದಲ್ಲಿ ಒಂದು ಚಿಕ್ಕ ಪ್ರಾರ್ಥನಾ ಮಂದಿರ ಇದೆ. ಒಳಗೆ ಕತ್ತೆತ್ತಿ ನೋಡಿದರೆ ಕದಂಬರ ಕಾಲದ ಕೆತ್ತನೆ ಕಲ್ಲು. ಚರ್ಚು ನೋಡಲು ಬಂದವರು ಸ್ಮಶಾನಕ್ಕೆ ಯಾಕೆ ಹೋಗುತ್ತಾರೆ ಹೇಳಿ, ಅದಕ್ಕೇ ಇದನ್ನು ಬಹಳ ಜನ ನೋಡುವುದಿಲ್ಲ. ಬನವಾಸಿಯ ಕಂಬಗಳನ್ನು ಮುಟ್ಟಿ ನೋಡಿದ ಕೈಗೆ ಆ ಕಲ್ಲು ಹೊಸದಲ್ಲ. ನಾನು ತುಂಬಾ ಹೊತ್ತು ಅಲ್ಲೇ ನಿಂತೆ.

ಗೋವಾ ಕದಂಬರ ಕುಲದೇವರು ಸಪ್ತಕೋಟೀಶ್ವರ. ತಮ್ಮ ಶಾಸನಗಳಲ್ಲಿ ಅವರು 'ಸಪ್ತಕೋಟೀಶ್ವರ ಲಬ್ಧ ವರಪ್ರಸಾದ' ಎಂದೇ ಬಿರುದು ಹಾಕಿಕೊಳ್ಳುತ್ತಿದ್ದರು. ನಾಣ್ಯದ ಮೇಲೂ ಇದೇ ದೇವರ ಹೆಸರು. ಆ ದೇವರ ಗುಡಿ ಇದ್ದದ್ದು ಇದೇ ನಡುಗಡ್ಡೆಯ ಇನ್ನೊಂದು ತುದಿಯಲ್ಲಿ, ನಾರ್ವೆ ಎಂಬ ಕೇರಿಯಲ್ಲಿ.

ಅಲ್ಲಿಗೆ ಹೋಗುವ ದಾರಿಯಲ್ಲೇ ಸ್ಕೂಟರ್ ಪಂಕ್ಚರ್ ಆಯಿತು. ಹತ್ತಿರ ಅಂಗಡಿ ಇಲ್ಲ. ಮತ್ತೆ ಮಳೆ. ಗದ್ದೆ ಪಕ್ಕದ ಹಂಚಿನ ಮನೆಯ ಜಗಲಿಯಿಂದ ಒಬ್ಬ ಅಜ್ಜಿ ಕೈ ಬೀಸಿ ಕರೆದರು. ಗೋಡೆಯ ಮೇಲೆ ಮೇರಿ ಮಾತೆಯ ಪಟ, ಮುಂದೆ ಸಣ್ಣ ದೀಪ. ಮೊಮ್ಮಗ ಟಯರ್ ಬಿಚ್ಚಿಕೊಂಡು ಹೋದ. ಅಜ್ಜಿ ಒಳಗಿಂದ ಪಾತೊಳಿ ತಂದರು. ಅರಿಶಿನ ಎಲೆಯಲ್ಲಿ ಅಕ್ಕಿ ಹಿಟ್ಟು ಸವರಿ, ಬೆಲ್ಲ ಕಾಯಿ ತುಂಬಿ ಹಬೆಯಲ್ಲಿ ಬೇಯಿಸಿದ್ದು. ನಾಗರ ಪಂಚಮಿಗೆ ಕರಾವಳಿಯ ಮನೆಗಳಲ್ಲಿ ಮಾಡುವ ಅದೇ ಕಡುಬು, ಅದೇ ಘಮ. ಅವರ ಮನೆಯಲ್ಲಿ ಆಗಸ್ಟ್ 15ರ ಮೇರಿ ಮಾತೆಯ ಹಬ್ಬಕ್ಕೆ ಮಾಡುತ್ತಾರಂತೆ. ನಾವು ಸಪ್ತಕೋಟೀಶ್ವರನ ಹಳೆ ಜಾಗ ಹುಡುಕುತ್ತಿದ್ದೇವೆ ಎಂದು ತಮ್ಮ ಕೊಂಕಣಿಯಲ್ಲಿ ಹೇಳಿದ. ಅಜ್ಜಿ ಕೈ ತೋರಿಸಿ ಏನೋ ಅಂದರು. 'ದೇವರು ಆಚೆ ಹೋದರು, ಕೆರೆ ಇಲ್ಲೇ ಇದೆ ಅಂತಿದ್ದಾರೆ' ಎಂದು ತಮ್ಮ ಹೇಳಿದ.

ಕೆರೆ ನಿಜಕ್ಕೂ ಇದೆ. ಕೋಟಿತೀರ್ಥ. ಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿತ್ತು, ಚಪ್ಪಲಿ ಬಿಟ್ಟೇ ಇಳಿಯಬೇಕು. ಪುರಾಣದ ಕಥೆ ನಡೆದದ್ದು ಇಲ್ಲಿ. ಸಪ್ತರ್ಷಿಗಳು ಏಳು ಕೋಟಿ ವರ್ಷ ತಪಸ್ಸು ಮಾಡಿದರು. ಶಿವ ಒಲಿದು ಬಂದ. ಏನು ಬೇಕು ಎಂದು ಕೇಳಿದ. ಏನೂ ಬೇಡ, ಇಲ್ಲೇ ಇದ್ದುಬಿಡು ಎಂದರು. ಏಳು ಧಾತುಗಳನ್ನು ಕೂಡಿಸಿ ಮಾಡಿದ ಲಿಂಗದಲ್ಲಿ ಶಿವ ನೆಲೆಸಿದ. ಇಷ್ಟು ಚಿಕ್ಕ ಕಥೆ. ಆದರೆ 'ಇಲ್ಲೇ ಇದ್ದುಬಿಡು' ಎಂದು ಬೇಡಿಕೊಂಡ ಜಾಗದಿಂದಲೇ ಆ ದೇವರನ್ನು ಮತ್ತೆ ಮತ್ತೆ ಎಬ್ಬಿಸಿದರು ಎಂದು ನೆನೆದರೆ ಹೊಟ್ಟೆ ಕಿವುಚುತ್ತದೆ. 14ನೇ ಶತಮಾನದಲ್ಲಿ ಬಹಮನಿ ಸೈನ್ಯ ಗುಡಿ ಕೆಡವಿತು. ವಿಜಯನಗರದ ಮಾಧವ ಮಂತ್ರಿ ಗೋವಾ ಗೆದ್ದ ಮೇಲೆ ಮತ್ತೆ ಕಟ್ಟಿಸಿದ. ಆಮೇಲೆ ಪೋರ್ಚುಗೀಸರು ಕೆಡವಿದರು. ಲಿಂಗವನ್ನು ಬಾವಿಯ ನೀರು ಸೇದುವುದಕ್ಕೆ ಬಳಸಿದರು ಎನ್ನುತ್ತಾರೆ. ಒಂದು ದಿನ ಸೂರ್ಯರಾವ್ ಮನೆತನದ ದೇಸಾಯಿ ಅದನ್ನು ಗುಟ್ಟಾಗಿ ಎತ್ತಿ ನದಿ ದಾಟಿಸಿದರು. ಆಚೆ ದಡದ ಜಾಗಕ್ಕೂ ನಾರ್ವೆ ಎಂದೇ ಹೆಸರಾಯಿತು.

ಆ ನದಿಯನ್ನೇ ನಾವೂ ದಾಟಿದೆವು. ಫೆರಿಯಲ್ಲಿ ಒಂದು ಟೆಂಪೊ, ಮೂರು ಸ್ಕೂಟರ್, ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸು. ಕೆಲವೇ ನಿಮಿಷದ ದಾರಿ. ಅಷ್ಟರಲ್ಲೇ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಈ ಅಗಲದ ನೀರು, ಆ ಭಾರದ ಕಲ್ಲು, ಸಿಕ್ಕಿಬಿದ್ದರೆ ಜೀವ ಹೋಗುವ ಕಾಲ. ಯಾರು ಹುಟ್ಟು ಹಾಕಿದರು? ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಈಚೆ ನಾರ್ವೆಯ ಗುಡಿ ಕಾಡಿನ ಮಡಿಲಲ್ಲಿದೆ. ಎತ್ತರದ ಗೋಪುರ ಇಲ್ಲ. ಇಳಿಜಾರು ಹಂಚಿನ ಮಾಡು, ಮೇಲೆ ಸಣ್ಣ ಗುಮ್ಮಟ, ಮುಂದೆ ದೀಪಸ್ತಂಭ. ಸರ್ಕಾರ ದುರಸ್ತಿ ಮಾಡಿಸಿ 2023ರಲ್ಲಿ ಮತ್ತೆ ತೆರೆಯಿತು. ಚೊಕ್ಕಟವಾಗಿದೆ. ಬಾಗಿಲ ಮೇಲೆ ಕಲ್ಲಿನ ಬರಹ ಇದೆ, ಅದನ್ನು ನೋಡದೆ ಒಳಗೆ ಹೋಗಬೇಡಿ. ಶಕ 1590, ಕೀಲಕ ಸಂವತ್ಸರ, ಕಾರ್ತಿಕ ಕೃಷ್ಣ ಪಂಚಮಿ, ಸೋಮವಾರ. ಅಂದರೆ 1668ರ ನವೆಂಬರ್. ಅವತ್ತು ಶಿವಾಜಿ ಈ ಗುಡಿಯ ಕೆಲಸ ಶುರು ಮಾಡಿಸಿದ.

ಜಗಲಿಯಲ್ಲಿ ಬಿಳಿ ಟೋಪಿಯ ಒಬ್ಬ ಹಿರಿಯರು ಕೂತಿದ್ದರು. ನಮ್ಮ ಮಾತು ಕೇಳಿ 'ಯಾವೂರ್ರಿ ನಿಮ್ದು?' ಎಂದರು. ಕಿತ್ತೂರು ಕಡೆಯವರು, ಮಗಳನ್ನು ಡಿಚೋಲಿಗೆ ಕೊಟ್ಟಿದ್ದಾರೆ. ಮಳೆ ನಿಲ್ಲುವ ತನಕ ಮಾತಾಡಿದೆವು. ಅವರ ಊರಿನ ಹತ್ತಿರದ ದೇಗಾಂವಿಯಲ್ಲಿ ಕಮಲನಾರಾಯಣ ಗುಡಿ ಇದೆ. ಅದನ್ನು ಕಟ್ಟಿಸಿದ್ದು ಕಮಲಾದೇವಿ, ಗೋವಾ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ. ದೀವಾಡಿಯ ಸಪ್ತಕೋಟೀಶ್ವರ ಗುಡಿಯನ್ನೂ ಅವಳಿಗಾಗಿಯೇ ಕಟ್ಟಿಸಿದ್ದು ಎನ್ನುತ್ತಾರೆ. 'ನಮ್ಮೂರಾಗ ಆಕಿ ಗುಡಿ ನಿಂತೈತಿ. ಇಲ್ಲಿದು ಉಳೀಲಿಲ್ಲ. ದೇವರು ಉಳದಾನ, ಅಷ್ಟ ಸಾಕು' ಎಂದರು ಆ ಹಿರಿಯರು. ವರ್ಷಕ್ಕೊಮ್ಮೆ ಬಂದು ಇಲ್ಲಿ ಕೂರುತ್ತಾರಂತೆ. ಗೋಕುಲಾಷ್ಟಮಿಗೆ ಬನ್ನಿ, ನದಿಯಲ್ಲಿ ಸ್ನಾನ ಮಾಡುವುದಕ್ಕೆ ಜನ ಸೇರುತ್ತಾರೆ ಎಂದೂ ಹೇಳಿದರು.

ಒಳಗೆ ಲಿಂಗ ನುಣುಪಾಗಿ ಮಿಂಚುತ್ತಿತ್ತು. ಮೈಮೇಲೆ ಪಟ್ಟೆಗಳಿರುವ ಧಾರಾಲಿಂಗ. ಬಾವಿಯ ಕಥೆ ಕೇಳಿ ಬಂದವರು ಅದನ್ನು ಸುಮ್ನೆ ನೋಡಿ ಹೋಗುವುದಕ್ಕೆ ಆಗುವುದಿಲ್ಲ. ನನ್ನ ಹಿಂದೆ ಯಾರೂ ಕಾಯುತ್ತಿರಲಿಲ್ಲ. ಪೂಜಾರಿಗಳೂ ಅವಸರ ಮಾಡಲಿಲ್ಲ.

ಎರಡನೆಯ ದಿನ: ಕುಡ್ತಳಿಯಿಂದ ಮಂಗೇಶಿ

ಶ್ರಾವಣ ಸೋಮವಾರ. ಮಂಗೇಶಿಯಲ್ಲಿ ಜನ ಇರುತ್ತಾರೆ ಎಂದು ಗೊತ್ತಿತ್ತು, ಆದರೂ ಸೋಮವಾರವೇ ಹೋಗಬೇಕು. ಸಂಜೆ ಪಲ್ಲಕ್ಕಿ ಇರುತ್ತದೆ.

ಮೊದಲು ಕುಡ್ತಳಿ. ಪುರಾಣದ ಹೆಸರು ಕುಶಸ್ಥಳಿ. ವಾಸ್ಕೋದಿಂದ ಪಣಜಿಗೆ ಹೋಗುವ ಯಾರೇ ಆದರೂ ಇದನ್ನು ದಾಟಿಯೇ ಹೋಗಬೇಕು, ಬಸ್ಸು ಬದಲಿಸಲು ಇಳಿಯುತ್ತಾರೆ, ಭಾಜಿ ಪಾವ್ ತಿನ್ನುತ್ತಾರೆ, ಮುಂದೆ ಹೋಗುತ್ತಾರೆ. ಇದೇ ಮಂಗೇಶನ ಮೂಲ ಜಾಗ ಎಂದು ಎಷ್ಟು ಜನಕ್ಕೆ ಗೊತ್ತು? ನಾವೂ ಭಾಜಿ ಪಾವ್ ತಿಂದೆವು, ಬಿಸಿ ಬನ್ಸ್ ಕೂಡ. ಆಮೇಲೆ ನದಿ ಕಾಣುವ ಕಡೆ ನಡೆದೆವು. ತೆಂಗು, ಗೇರು, ಕೆಸರು, ಆಚೆ ಅಗಲವಾದ ಜುವಾರಿ.

ಕಥೆ ಹೀಗೆ. ಕೈಲಾಸದಲ್ಲಿ ಶಿವ ಪಾರ್ವತಿ ಪಗಡೆ ಆಡುತ್ತಾರೆ. ಶಿವ ಸೋಲುತ್ತಾನೆ. ಒಂದೊಂದಾಗಿ ಎಲ್ಲವನ್ನೂ ಸೋತು, ಕೊನೆಗೆ ಕೈಲಾಸವನ್ನೂ ಬಿಟ್ಟು ದಕ್ಷಿಣಕ್ಕೆ ನಡೆದು ಇಲ್ಲಿಗೆ ಬರುತ್ತಾನೆ. ಗಂಡನಿಲ್ಲದ ಮನೆ ಪಾರ್ವತಿಗೂ ಬೇಡವಾಗುತ್ತದೆ. ಹುಡುಕಿಕೊಂಡು ಹೊರಡುತ್ತಾಳೆ. ಈ ಕಾಡಿಗೆ ಬಂದಾಗ ಶಿವ ಅವಳನ್ನು ಹೆದರಿಸೋಣ ಎಂದು ಹುಲಿಯಾಗಿ ಎದುರಿಗೆ ಹಾರುತ್ತಾನೆ. ಅವಳು ಬೆಚ್ಚಿ 'ತ್ರಾಹಿ ಮಾಂ ಗಿರೀಶ' ಎಂದು ಕೂಗಲು ಹೋಗುತ್ತಾಳೆ, ಭಯಕ್ಕೆ ಮಾತು ತೊದಲಿ 'ಮಾಂ ಗಿರೀಶ' ಎಂದಷ್ಟೇ ಬರುತ್ತದೆ. ಹುಲಿ ಮಾಯ, ಶಿವ ಪ್ರತ್ಯಕ್ಷ. ಆ ಕೂಗೇ ದೇವರ ಹೆಸರಾಯಿತು. ಮಾಂಗಿರೀಶ, ಮಂಗೇಶ.

ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸುವುದು ಶಿವ ಇಲ್ಲಿ ಗೆದ್ದು ಬಂದವನಲ್ಲ ಎನ್ನುವುದು. ಯಾವ ರಾಕ್ಷಸನನ್ನೂ ಕೊಲ್ಲಲಿಲ್ಲ. ಮನೆ ಕಳೆದುಕೊಂಡು ಬಂದವನು. ಆಮೇಲೆ ಅವನ ಭಕ್ತರೂ ಮನೆ ಕಳೆದುಕೊಂಡರು. 1560ರಲ್ಲಿ ಲಿಂಗವನ್ನು ಎತ್ತಿಕೊಂಡು ನದಿ ದಾಟಿ, ಪೋರ್ಚುಗೀಸರ ಕೈ ಇನ್ನೂ ಮುಟ್ಟದ ಅಂತ್ರೂಜ್ ಸೀಮೆಯ ಪ್ರಿಯೋಳಕ್ಕೆ ಬಂದರು. ಈಗಿನ ಫೋಂಡಾ ತಾಲೂಕು ಅದು. ಅದು ಪೋರ್ಚುಗೀಸರಿಗೆ ಸಿಕ್ಕಿದ್ದು ಇನ್ನೂರು ವರ್ಷದ ಮೇಲೆ, 1763ರಲ್ಲಿ. ಅಷ್ಟರಲ್ಲಿ ಗುಡಿ ಒಡೆಯುವ ಹುಚ್ಚು ಇಳಿದಿತ್ತು.

ಬಾಣಸ್ತರಿ ದಾಟಿ ಮಂಗೇಶಿ ಮುಟ್ಟಿದಾಗ ಹನ್ನೊಂದು. ಹೂವಿನ ಅಂಗಡಿಗಳ ಸಾಲಿನಲ್ಲಿ ಒಬ್ಬ ಹೆಂಗಸು 'ಬರ್ರಿ ಅಕ್ಕಾರ, ಅಬ್ಬಲಿಗಿ ಒಯ್ರಿ' ಎಂದು ಕರೆದಳು. ನಾವು ಕನ್ನಡದವರು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ನಡಿಗೆಯಲ್ಲೇ ಗೊತ್ತಾಗುತ್ತದಂತೆ! ಹಾವೇರಿ ಕಡೆಯವಳು, ಬಂದು ಬಹಳ ವರ್ಷವಾಯಿತು. ಚಪ್ಪಲಿ ಅವಳ ಹತ್ತಿರವೇ ಬಿಟ್ಟೆವು. ಪಕ್ಕದಲ್ಲಿ ಚಡ್ಡಿ ಹಾಕಿಕೊಂಡು ಬಂದ ಹುಡುಗರನ್ನು ಕಾವಲಿನವರು ವಾಪಸ್ ಕಳಿಸುತ್ತಿದ್ದರು. ಮೈ ಮುಚ್ಚುವ ಬಟ್ಟೆ ಇದ್ದರೆ ತೊಂದರೆ ಇಲ್ಲ.

ಏಳು ಅಂತಸ್ತಿನ ದೀಪಸ್ತಂಭದ ಫೋಟೊ ಎಲ್ಲರೂ ತೆಗೆಯುತ್ತಾರೆ. ಕೆರೆಯನ್ನೂ ನೋಡಿ, ಈ ಆವರಣದಲ್ಲಿ ಎಲ್ಲಕ್ಕಿಂತ ಹಳೆಯದು ಅದೇ. 1739ರಲ್ಲಿ ಪೇಶ್ವೆಯವರು ಮಂಗೇಶಿ ಗ್ರಾಮವನ್ನೇ ದೇವಸ್ಥಾನಕ್ಕೆ ಬಿಟ್ಟುಕೊಟ್ಟರು, ಅದಕ್ಕೆ ಮುಂದೆ ನಿಂತವರು ರಾಮಚಂದ್ರ ಮಲ್ಹಾರ ಸುಖಟಣಕರ್. ಲತಾ ಮಂಗೇಶ್ಕರ್ ಅವರ ತಂದೆ ದೀನನಾಥರು ಹುಟ್ಟಿದ ಊರೂ ಇದೇ.

ದರ್ಶನದ ಸಾಲಿನಲ್ಲಿ ನಮ್ಮ ಮುಂದೆ ಕುಮಟಾದ ಒಂದು ಕುಟುಂಬ. ಅವರ ಕುಲದೇವರು ಮಂಗೇಶ. ಗುಡಿಯ ಛತ್ರವಾದ ಅಗ್ರಶಾಲೆಯಲ್ಲಿ ಉಳಿದಿದ್ದರು. ಅಜ್ಜ ಮೊಮ್ಮಗಳಿಗೆ ಕನ್ನಡ ಕೊಂಕಣಿ ಬೆರೆಸಿ ಕಥೆ ಹೇಳುತ್ತಿದ್ದರು. ಅವರ ಹಿರಿಯರೂ ಅದೇ ಗಲಾಟೆಯಲ್ಲಿ ಗೋವಾ ಬಿಟ್ಟು ಕೆನರಾಕ್ಕೆ ಇಳಿದವರು. ದೇವರು ಫೋಂಡಾಕ್ಕೆ, ಜನ ಕುಮಟಾ, ಅಂಕೋಲಾ, ಮಂಗಳೂರಿಗೆ. ಗುಡಿಯ ಹಿಂದಿನ ಮೂಲಕೇಶ್ವರನನ್ನು ನೋಡದೆ ಹೋಗಬೇಡಿ ಎಂದು ಹೇಳಿದವರೂ ಅವರೇ. ಅವನೊಬ್ಬ ದನಗಾಹಿ. ಅವನ ಹಸು ದಿನಾ ಒಂದು ಕಲ್ಲಿನ ಮೇಲೆ ಹಾಲು ಸುರಿಸುತ್ತಿತ್ತು. ಅವನೇ ಮೊದಲು ಕಂಡದ್ದು, ಅವನೇ ಊರಿಗೆ ಹೇಳಿದ್ದು. ಹುತ್ತದ ಮೇಲೆ, ಕಲ್ಲಿನ ಮೇಲೆ ಹಾಲು ಸುರಿಸುವ ಹಸು ನಮ್ಮ ಕಡೆ ಎಷ್ಟು ಊರಿನ ಕಥೆಯಲ್ಲಿಲ್ಲ! ಆದರೆ ಆ ಹಸು ಕಾಯ್ದವನನ್ನು ನಾವು ಮರೆಯುತ್ತೇವೆ. ಇಲ್ಲಿ ಅವನಿಗೂ ಗುಡಿ ಕೊಟ್ಟಿದ್ದಾರೆ. ಅಜ್ಜ ಅಲ್ಲಿ ನಿಂತು ಮೊಮ್ಮಗಳ ಕೈಯಿಂದ ಹೂ ಹಾಕಿಸಿದರು.

ಊಟ ಹತ್ತಿರದ ಒಂದು ಸಣ್ಣ ಖಾನಾವಳಿಯಲ್ಲಿ. ಸೋಮವಾರ, ಎಲ್ಲ ಕಡೆ ಸಸ್ಯಾಹಾರ. ಖತಖತೆ ಅಂತ ಒಂದು ಪದಾರ್ಥ, ಹತ್ತು ಥರದ ತರಕಾರಿ, ಕಾಯಿ ಮಸಾಲೆ, ತಿರಫಲದ ಚುರುಕು. ಜೊತೆಗೆ ಸೋಲ್ ಕಡಿ. ತಮ್ಮ ಎರಡು ಸಲ ಅನ್ನ ಹಾಕಿಸಿಕೊಂಡ.

ಮಧ್ಯಾಹ್ನ ಹತ್ತಿರದ ಮಾರ್ದೋಳಕ್ಕೆ ಹೋಗಿ ಮಹಾಲಸೆಯನ್ನು ನೋಡಿ ಬಂದೆವು. ಸಮುದ್ರಮಥನದ ಮೋಹಿನಿಯೇ ಈ ದೇವಿ. ವಿಷ್ಣುವೇ ಆದ್ದರಿಂದ ಮೈಮೇಲೆ ಜನಿವಾರ. ಅವಳು ವೆರ್ಣಾದಿಂದ ಬಂದವಳು. ಇಲ್ಲಿನ ಗಂಟೆಯ ಕೆಳಗೆ ನಿಂತು ಸುಳ್ಳು ಹೇಳಿದರೆ ದೇವಿ ಬಿಡುವುದಿಲ್ಲ ಎಂದು ನಂಬಿಕೆ. ಗಂಟೆಗೆ ನಾಲಗೆ ಇರಲಿಲ್ಲವಂತೆ, ಸಾಕ್ಷಿ ಹೇಳುವವರು ಬಂದಾಗ ಮಾತ್ರ ಕಟ್ಟುತ್ತಿದ್ದರಂತೆ. ಆ ಸಾಕ್ಷಿಯನ್ನು ಪೋರ್ಚುಗೀಸರ ಕೋರ್ಟೂ ಒಪ್ಪುತ್ತಿತ್ತು ಎನ್ನುತ್ತಾರೆ. ಇದರಷ್ಟು ಗಟ್ಟಿ ಕಥೆ ನಾನು ಬೇರೆಲ್ಲೂ ಕೇಳಿಲ್ಲ. ಅಂಗಳದಲ್ಲಿ ಜಾಜಿ ಮಾರುತ್ತಿದ್ದರು, ಶ್ರಾವಣದಲ್ಲಿ ಅದರದ್ದೇ ದೊಡ್ಡ ಪೂಜೆ.

ಸಂಜೆ ಮತ್ತೆ ಮಂಗೇಶಿ. ಪಲ್ಲಕ್ಕಿ ಹೊರಡುವ ಹೊತ್ತಿಗೆ ಸರಿಯಾಗಿ ಮಳೆ ಸುರಿಯಿತು. ಯಾರೂ ಕದಲಲಿಲ್ಲ. ಡೋಲು, ಶಹನಾಯಿ, ಕೊಡೆಗಳು, ಒದ್ದೆ ಕಲ್ಲಿನ ಮೇಲೆ ಬರಿಗಾಲು. ಕುಮಟಾದ ಹುಡುಗಿ ಅಜ್ಜನ ಹೆಗಲ ಮೇಲಿಂದ ಕೈ ಬೀಸಿದಳು.

ಮೂರನೆಯ ದಿನ: ಕವಳೆ, ನಾಗೇಶಿ

ಜ್ವರ ಬಂದ ಹಾಗಿತ್ತು, ಒದ್ದೆಯಾಗಿದ್ದರ ಫಲ. ಚಿಕ್ಕಮ್ಮ ಮೆಣಸಿನ ಕಷಾಯ ಕೊಟ್ಟು ಮಧ್ಯಾಹ್ನದ ಮೇಲೆ ಬಿಟ್ಟಳು. ಹಾಗಾಗಿ ಎರಡೇ ಗುಡಿ.

ಕವಳೆಯ ಶಾಂತಾದುರ್ಗೆ ಕೆಳೋಶಿಯಿಂದ ಬಂದವಳು. ಶಿವ ವಿಷ್ಣು ಜಗಳಕ್ಕೆ ಬಿದ್ದಾಗ ಬ್ರಹ್ಮ ಬೇಡಿಕೊಂಡ, ದೇವಿ ನಡುವೆ ಬಂದು ಇಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದು ಜಗಳ ಬಿಡಿಸಿದಳು. ಎರಡು ಕೈಯಲ್ಲಿರುವ ಎರಡು ಹಾವು ಅವರೇ. ಕೆಂಪು ಬಣ್ಣದ ದೊಡ್ಡ ಗುಡಿ, 1738ರ ಸುಮಾರಿನದು, ಛತ್ರಪತಿ ಶಾಹುವಿನ ಕಾಲ. ಇದೇ ದೇವಿಯನ್ನು ಗೋವಾದ ಹಳ್ಳಿಗಳಲ್ಲಿ ಸಾತೇರಿ ಎಂದು ಹುತ್ತದ ರೂಪದಲ್ಲಿ ಪೂಜಿಸುತ್ತಾರೆ. ಹುತ್ತ ಅಂದ ಮೇಲೆ ನಮಗೆ ಬೇರೆ ವಿವರಣೆ ಬೇಕಿಲ್ಲ, ಅಲ್ವಾ?

ಬಾಂದಿವಡೆಯ ನಾಗೇಶಿಯಲ್ಲಿರುವ ನಾಗೇಶ ಎಲ್ಲಿಂದಲೂ ಬಂದವನಲ್ಲ. ಮೊದಲಿಂದ ಇಲ್ಲೇ. ಆವರಣದಲ್ಲಿ 1413ರ ಶಾಸನ ನಿಂತಿದೆ, ವಿಜಯನಗರದ ದೇವರಾಯನ ಕಾಲದ ದಾನದ ಶಾಸನ. ಒಳಗೆ ಮರದಲ್ಲಿ ರಾಮಾಯಣ ಕೆತ್ತಿದ್ದಾರೆ, ಬಣ್ಣ ಬಳಿದು. ಕುತ್ತಿಗೆ ನೋಯುವ ತನಕ ನೋಡಿದೆವು. ಹೈದರಾಲಿ ಸೋದೆಯನ್ನು ಹಿಡಿದಾಗ ಓಡಿ ಬಂದ ಸೋದೆ ಅರಸರು ನೆಲೆಸಿದ್ದೂ ಇದೇ ಊರಲ್ಲಿ. ಗೋವಾದಿಂದ ಜನ ನಮ್ಮ ಕಡೆ ಬಂದರು, ನಮ್ಮ ಕಡೆಯಿಂದ ಅರಸರು ಗೋವಾಕ್ಕೆ ಹೋದರು. ಶಿರಸಿಯಿಂದ ಬರುವವರು ಈ ಊರನ್ನು ಬಿಡಬಾರದು.

ಹಿಂದಿರುಗುವ ದಿನ: ತಾಂಬ್ಡಿ ಸುರ್ಲಾ

ತಮ್ಮ ಗೆಳೆಯನ ಕಾರು ತಂದ. ಮೊಲೆಂ ದಾಟಿ ಕಾಡಿನ ರಸ್ತೆ. ಮೊಬೈಲ್ ಸಿಗ್ನಲ್ ನಿಂತುಹೋಗುತ್ತದೆ, ನಕ್ಷೆ ಮೊದಲೇ ಇಳಿಸಿಕೊಂಡಿರಿ. ಜಿಗಣೆಗೆ ಸುಣ್ಣವೋ ಉಪ್ಪೋ ಇರಲಿ. ನಮಗೆ ಎರಡೂ ಬೇಕಾದವು.

ಸಣ್ಣ ಹೊಳೆ, ಅದರಾಚೆ ಕಪ್ಪು ಕಲ್ಲಿನ ಮಹಾದೇವ ಗುಡಿ. ಕದಂಬರದ್ದೇ, 12–13ನೇ ಶತಮಾನ. ಗೋವಾದ ನೆಲ ಕೆಂಪು ಮುರಕಲ್ಲು, ಈ ಕರಿಕಲ್ಲು ಘಟ್ಟದ ಮೇಲಿಂದ ಬಂದದ್ದು ಎನ್ನುತ್ತಾರೆ. ಅಷ್ಟು ಕಲ್ಲನ್ನು ಘಟ್ಟ ಇಳಿಸಿ ಈ ಕಾಡಿಗೆ ಯಾಕೆ ತಂದರೋ ಗೊತ್ತಿಲ್ಲ, ಗುಡಿ ಉಳಿದದ್ದು ಮಾತ್ರ ಈ ಕಾಡಿನಿಂದಲೇ. ಇಲ್ಲಿಗೆ ಪೋರ್ಚುಗೀಸರು ಒಡೆಯಲು ಬರಲಿಲ್ಲ. ಈ ದೇವರು ನದಿ ದಾಟಬೇಕಾಗಿ ಬರಲಿಲ್ಲ. ನಂದಿಗೆ ತಲೆ ಇಲ್ಲ, ಶಿಖರ ಪೂರ್ತಿಯಾಗಿಲ್ಲ, ಆದರೆ ಲಿಂಗ ಇಟ್ಟ ಜಾಗದಲ್ಲೇ ಇದೆ. ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುವ ಆನೆಯ ಕೆತ್ತನೆ ಹುಡುಕಿ ನೋಡಿ. ಗರ್ಭಗುಡಿಯ ಕತ್ತಲಲ್ಲಿ ನಾಗರಹಾವೊಂದು ವಾಸವಾಗಿದೆ ಎಂದು ಸುತ್ತಲ ಹಳ್ಳಿಯವರು ನಂಬುತ್ತಾರೆ. ಹಾಲು ತಂದಿದ್ದ ಒಬ್ಬ ರೈತ ಹೊಸ್ತಿಲಲ್ಲಿ ನಿಂತು, ಮೊದಲು ಚಪ್ಪಾಳೆ ತಟ್ಟಿ, ಆಮೇಲೆ ಒಳಗೆ ಕಾಲಿಟ್ಟ.

ಮೊಲೆಂನಲ್ಲಿ ತಮ್ಮ ನನ್ನನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದ. ಅನಮೋಡ ಘಾಟಿನಲ್ಲಿ ಮರ ಬಿದ್ದು ಬಸ್ಸು ಬಹಳ ಹೊತ್ತು ನಿಂತಿತು, ಮುಂದಿನ ಲಾರಿಯವರೇ ಇಳಿದು ಕೊಂಬೆ ಕಡಿದರು. ಕೆಳೋಶಿಯೂ ವೆರ್ಣಾವೂ ಹಾಗೇ ಉಳಿದವು. ವೆರ್ಣಾದಲ್ಲಿ ಮಹಾಲಸೆಗೆ ಹಳೆಯ ಜಾಗದಲ್ಲೇ ಮತ್ತೆ ಗುಡಿ ಎದ್ದಿದೆ. ಅದನ್ನು ಮಳೆ ಇಲ್ಲದ ಕಾಲದಲ್ಲಿ ನೋಡಬೇಕು. ಕಾರ್ತಿಕದಲ್ಲಿ ಬಾ ಎಂದು ಚಿಕ್ಕಮ್ಮ ಹೇಳಿದ್ದಾಳೆ. ನಾರ್ವೆಯ ಬಾಗಿಲ ಮೇಲಿನ ತಿಥಿಯೂ ಕಾರ್ತಿಕದ್ದೇ, ಆ ಪಂಚಮಿ ಯಾವ ವಾರ ಬರುತ್ತದೆ ಎಂದು ನೋಡಿ ರಜೆ ಹಾಕುತ್ತೇನೆ.